ಮಾವಶಿ ಹೇಳದೆ ಬಿಟ್ಟ ಮಾತು

ಕಲಿಯುವವರಿಗೂ ಸಂಬಳ ಕೊಡುತ್ತಾರೆ ಎಂಬುದನ್ನು ಚಿಕ್ಕೋಡಿಯ ನನ್ನ ಮನೆ ಮಾಲೀಕರು ಕೊನೆಯವರೆಗೂ ನಂಬಲಿಲ್ಲ. ಕೋಣೆ ಕೇಳಲು ಹೋದ ದಿನವೇ ಅವರು ನನ್ನನ್ನು ಹೊಸ್ತಿಲಲ್ಲಿ ನಿಲ್ಲಿಸಿ ವಿಚಾರಣೆ ನಡೆಸಿದರು.

"ನೀವು ಡಾಕ್ಟರೇನ್ರಿ?"

"ಅಲ್ಲ ಸಾರ್. ಪಿಎಚ್‌ಡಿ ಮಾಡ್ತಾ ಇದೀನಿ. ಮುಗಿದ ಮೇಲೆ ಡಾಕ್ಟರ್ ಅಂತ ಹಾಕ್ಕೋಬೋದು."

"ಅಂದ್ರ ಇನ್ನೂ ಸಾಲಿ ಕಲಿಯಾಕತ್ತೀರಿ."

"ಹೌದು."

"ಮತ್ತ ಬಾಡಿಗಿ ಯಾರು ಕೊಡ್ತಾರ?"

"ನಾನೇ. ಕಲಿಯೋವಾಗ ತಿಂಗಳು ತಿಂಗಳು ಸ್ಟೈಪೆಂಡ್ ಬರುತ್ತೆ."

ಅವರು ಒಳಗಿದ್ದ ಹೆಂಡತಿಯ ಕಡೆ ತಿರುಗಿ, "ಕಲಿಯಾಕ ಪಗಾರ ಕೊಡ್ತಾರಂತ ನೋಡು. ನಾವು ಸುಳ್ಳೇ ಫೀ ಕಟ್ಟಿ ಕಲಿತ್ವಿ" ಎಂದರು. ಕೀಲಿ ಕೊಟ್ಟರು, ಅನುಮಾನ ಬಿಡಲಿಲ್ಲ.

ಅವರ ಅನುಮಾನದಲ್ಲಿ ತಪ್ಪೇನೂ ಇರಲಿಲ್ಲ. ಕ್ಲಿನಿಕಲ್ ಸೈಕಾಲಜಿಯಲ್ಲಿ ಪಿಎಚ್‌ಡಿ ಮಾಡುವ ನಮ್ಮಂಥವರು ಒಂದು ವರ್ಷ ರೆಸಿಡೆನ್ಸಿ ಮುಗಿಸಬೇಕಿತ್ತು. ಅಂದರೆ ಆಸ್ಪತ್ರೆಯಲ್ಲಿ ಕೂತು ರೋಗಿಗಳ ಮಾತು ಕೇಳುವುದು, ಕೇಳಿದ್ದನ್ನು ಬರೆಯುವುದು, ಬರೆದದ್ದನ್ನು ಗೈಡ್‌ಗೆ ತೋರಿಸಿ ಬೈಸಿಕೊಳ್ಳುವುದು. ಪುಸ್ತಕದಲ್ಲಿ ಓದಿದ್ದನ್ನು ಜನರ ಮೇಲೆ ಮಾಡಿ ನೋಡಲು ನಮಗೆ ಸಿಗುವ ಅವಕಾಶ ಅದು. ಜನರ ಪಾಲಿಗೆ ಅದು ಅವಕಾಶವೋ ಗ್ರಹಚಾರವೋ ಹೇಳುವುದು ಕಷ್ಟ. ಮಂಡ್ಯದಲ್ಲಿ ನಮ್ಮಮ್ಮನಿಗಂತೂ ಖುಷಿಯೋ ಖುಷಿ. ಇಪ್ಪತ್ತೊಂಬತ್ತು ತುಂಬಿದ ಮೇಲಾದರೂ ಮಗಳು ಒಂದು ಸಂಬಳದ ಮುಖ ಕಂಡಳಲ್ಲ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಳು.

ನಮಗೆ ಕೊಟ್ಟದ್ದು ಐದು ತಾಲೂಕು, ಒಂದು ವ್ಯಾನು. ಸೋಮವಾರ ಚಿಕ್ಕೋಡಿ, ಮಂಗಳವಾರ ನಿಪ್ಪಾಣಿ, ಬುಧವಾರ ರಾಯಬಾಗ, ಗುರುವಾರ ಕುಡಚಿಯ ಸೇತುವೆ ದಾಟಿ ಅಥಣಿ, ಶುಕ್ರವಾರ ಕಾಗವಾಡ. ಶನಿವಾರ ಮಧ್ಯಾಹ್ನ ಫೋನಿನಲ್ಲಿ ಗೈಡ್ ಮುಂದೆ ಹಾಜರಿ. ವ್ಯಾನಿನಲ್ಲಿ ಮಾತ್ರೆ ಬರೆಯುವ ಮನೋವೈದ್ಯರು, ಡ್ರೈವರ್, ನಾನು, ಮತ್ತು ಮಾವಶಿ.

ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಈ ಕಡೆಯ ಆಸ್ಪತ್ರೆಗಳಲ್ಲಿ ಆಯಾಗಳನ್ನೆಲ್ಲ ಹಾಗೇ ಕರೆಯುತ್ತಾರೆ. ನಮ್ಮ ಮಾವಶಿ ಹುಟ್ಟಿದ್ದು ನಿಪ್ಪಾಣಿ ಹತ್ತಿರದ ಮರಾಠಿ ಮನೆಯಲ್ಲಿ, ಕೊಟ್ಟದ್ದು ಐನಾಪುರಕ್ಕೆ. ಗಂಡ ತೀರಿಕೊಂಡ ಮೇಲೆ ಚಿಕ್ಕೋಡಿಗೆ ಬಂದು ಆಸ್ಪತ್ರೆ ಸೇರಿದವರು. ಐವತ್ತೈದರ ಆಸುಪಾಸು, ಗಿಡ್ಡ ಆಳು, ನಡಿಗೆ ಮಾತ್ರ ನನಗಿಂತ ಜೋರು. ಕೆಲಸ ಚೀಟಿ ಹಂಚುವುದು. ಆದರೆ ಸಾಲಿನಲ್ಲಿ ನಿಂತವರ ಮುಖ ನೋಡಿಯೇ ಯಾರನ್ನು ಮೊದಲು ಒಳಗೆ ಬಿಡಬೇಕು ಎಂದು ತೀರ್ಮಾನಿಸುತ್ತಿದ್ದರು. ಡಾಕ್ಟರು ಅದನ್ನು ಒಂದು ದಿನವೂ ಪ್ರಶ್ನಿಸಿದ್ದನ್ನು ನಾನು ನೋಡಲಿಲ್ಲ.

ನಾನು ಮಂಡ್ಯದವಳು, ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲಿ. ಕನ್ನಡ ಬರುತ್ತದೆ, ಇಲ್ಲೂ ಕಬ್ಬು ಅಲ್ಲೂ ಕಬ್ಬು, ಇನ್ನೇನು ಬೇಕು ಎಂದುಕೊಂಡು ಬಂದಿದ್ದೆ. ಮೊದಲ ವಾರವೇ ಆ ಗರ್ವ ಇಳಿಯಿತು. ಇಲ್ಲಿಯ ಕನ್ನಡ ಹದಿನೈದು ದಿನದಲ್ಲಿ ಕಿವಿಗೆ ಹೊಂದಿಕೊಂಡಿತು. ಆದರೆ ನಿಪ್ಪಾಣಿಯಲ್ಲೂ ಕಾಗವಾಡದಲ್ಲೂ ಎಷ್ಟೋ ಮಂದಿ ಹೆಸರು, ಊರು, ವಯಸ್ಸು ಎಲ್ಲ ಕನ್ನಡದಲ್ಲಿ ಹೇಳಿ, ಅಳು ಬರುವ ಜಾಗಕ್ಕೆ ಬಂದಾಗ ಮರಾಠಿಗೆ ಹೊರಳಿಬಿಡುತ್ತಿದ್ದರು. ಅಲ್ಲಿಂದ ಮುಂದೆ ನನಗೆ ಮಾವಶಿಯೇ ಗತಿ.

ಮಾವಶಿಯ ಅನುವಾದದ ರೀತಿಯೇ ಬೇರೆ. ಒಮ್ಮೆ ಕಾಗವಾಡದಲ್ಲಿ ಒಬ್ಬ ಹೆಂಗಸು ಅತ್ತೆಯ ಮೇಲೆ ಐದು ನಿಮಿಷ ಉಸಿರು ಬಿಡದೆ ಮಾತಾಡಿದಳು. ಕೈ ಎತ್ತಿದಳು, ನೆಲ ಗುದ್ದಿದಳು, ಹಲ್ಲು ಕಡಿದಳು. ಮಾವಶಿ ಎಲ್ಲ ಕೇಳಿ ನನ್ನ ಕಡೆ ತಿರುಗಿ, "ಅತ್ತಿ ಜೋಡಿ ಸ್ವಲ್ಪ ಸರಿ ಇಲ್ಲಂತ್ರಿ" ಎಂದರು.

"ಐದು ನಿಮಿಷ ಮಾತಾಡಿದ್ರು ಮಾವಶಿ. ಅಷ್ಟೇನಾ?"

"ಉಳಿದದ್ದು ಬೈಗಳ ಇದ್ವು. ಅವನ್ನ ತಗೊಂಡು ನೀವೇನ್ ಮಾಡ್ತೀರಿ?"

ನನಗೆ ನಗು ಬಂತು. ಸಿಟ್ಟೂ ಬಂತು, ಆದರೆ ನಗುವೇ ಗೆದ್ದಿತು. ಆ ಹೊತ್ತಿನಲ್ಲಿ ಸಿಟ್ಟು ಗೆದ್ದಿದ್ದರೆ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ. ಬೈಗುಳವನ್ನು ಸೋಸುವವರು ಇನ್ನೇನೇನು ಸೋಸುತ್ತಾರೆ ಎಂದು ನಾನು ಕೇಳಲೇ ಇಲ್ಲ. ಮಾವಶಿಯ ಮೇಲೆ ಅಷ್ಟೊತ್ತಿಗಾಗಲೇ ಪ್ರೀತಿ ಕೂತುಬಿಟ್ಟಿತ್ತು. ಅಥಣಿಗೆ ಹೋದಾಗಲೆಲ್ಲ ಒಣದ್ರಾಕ್ಷಿ ಕೊಂಡು ನನ್ನ ಚೀಲಕ್ಕೆ ತುರುಕುತ್ತಿದ್ದರು. "ಮಂದಿ ದುಃಖ ಕೇಳಿ ಕೇಳಿ ನಿಮ್ಮ ರಕ್ತ ಒಣಗತೈತಿ, ತಿನ್ರಿ" ಎನ್ನುತ್ತಿದ್ದರು.

ಕಬ್ಬು ಕಡಿಯುವ ಕಾಲ ಶುರುವಾಗಿತ್ತು. ಒಂದು ಮಂಗಳವಾರ ನಿಪ್ಪಾಣಿಯ ಕೋಣೆಗೆ ಒಬ್ಬ ದರ್ಜಿ ಬಂದರು. ನಲವತ್ತೈದಿರಬಹುದು. ಶರ್ಟು ಅಚ್ಚುಕಟ್ಟಾಗಿತ್ತು, ಗಡ್ಡ ಮಾತ್ರ ವಾರದ್ದು. ಜೊತೆಗೆ ಬಂದಿದ್ದ ಹೆಂಡತಿ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಹಿನ್ನೆಲೆ ಹೇಳಿದರು. ಅಣ್ಣ ತಮ್ಮ ಇಬ್ಬರೂ ಒಂದೇ ಅಂಗಡಿಯಲ್ಲಿ ಎದುರುಬದುರು ಮಿಶನ್ ಹಾಕಿಕೊಂಡು ಇಪ್ಪತ್ತು ವರ್ಷ ಹೊಲಿದವರು. ಮಳೆಗಾಲದಲ್ಲಿ ಅಣ್ಣ ತೀರಿಕೊಂಡರು. ಆಮೇಲೆ ಇವರು ಅಂಗಡಿಯ ಬಾಗಿಲು ತೆರೆಯುತ್ತಾರೆ, ಅಣ್ಣನ ಮಿಶನ್ನಿನ ಮೇಲೆ ಬಟ್ಟೆ ಹೊದಿಸಿದೆಯೋ ಇಲ್ಲವೋ ನೋಡುತ್ತಾರೆ, ಮತ್ತೆ ಬಾಗಿಲು ಎಳೆದುಕೊಂಡು ಮನೆಗೆ ಬರುತ್ತಾರೆ. ನಿದ್ದೆ ಇಲ್ಲ.

ಹೆಂಡತಿಯನ್ನು ಹೊರಗೆ ಕೂರಿಸಿದೆ. ಮಾತುಕತೆಯನ್ನು ರೆಕಾರ್ಡ್ ಮಾಡಿಕೊಳ್ಳುತ್ತೇನೆ, ನನ್ನ ಗೈಡ್ ಒಬ್ಬರೇ ಕೇಳುತ್ತಾರೆ ಎಂದು ಹೇಳಿ ಅವರ ಒಪ್ಪಿಗೆ ಪಡೆದೆ. ಅವರು ಮರಾಠಿಯಲ್ಲೇ ಮಾತಾಡಿದರು, ತುಂಬ ಮೆಲ್ಲಗೆ. ನಡುವೆ ಒಂದು ಸಲ ನೆಲ ನೋಡುತ್ತ ಒಂದು ಸಣ್ಣ ವಾಕ್ಯ ಹೇಳಿ ಸುಮ್ಮನಾದರು. ಮಾವಶಿ ನನಗೆ, "ಭಾಳ ದಣದಾರಂತ್ರಿ" ಎಂದರು.

ಇಂಥವರನ್ನು ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಅದನ್ನು ಸುತ್ತಿಬಳಸದೆ ಕೇಳಬೇಕು, ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಕೇಳದಿದ್ದರೆ ಒಳಗೇ ಉಳಿಯುತ್ತದೆ ಎಂದು ನಮಗೆ ಮೊದಲ ವರ್ಷವೇ ಕಲಿಸಿದ್ದರು. ನಾನು ಕೇಳಿದೆ.

"ಸಾಯಬೇಕು ಅಂತ ಯಾವಾಗಲಾದರೂ ಅನಿಸುತ್ತಾ ಅಂತ ಕೇಳಿ ಮಾವಶಿ."

ಮಾವಶಿ ಸೆರಗು ಸರಿಮಾಡಿಕೊಂಡು ಏನೋ ಕೇಳಿದರು. ದರ್ಜಿ ‘ನಾಹೀ’ ಎಂದು ತಲೆ ಅಲ್ಲಾಡಿಸಿದರು, ಇಲ್ಲ ಎಂದು. ಫಾರಂನಲ್ಲಿ ಜೀವಕ್ಕೆ ಅಪಾಯ ಎಂಬ ಸಾಲಿನ ಮುಂದೆ ನಾನು ‘ಇಲ್ಲ’ ಎಂದು ಬರೆದೆ. ನನ್ನ ಅಕ್ಷರ ಚೆನ್ನಾಗಿದೆ, ಆ ‘ಇಲ್ಲ’ವನ್ನೂ ದುಂಡಗೆ ಬರೆದಿದ್ದೆ. ಡಾಕ್ಟರು ನಿದ್ದೆಗೆ ಮಾತ್ರೆ ಬರೆದರು. ಮುಂದಿನ ಮಂಗಳವಾರ ಬನ್ನಿ ಎಂದು ಕಳಿಸಿದೆವು.

ಶನಿವಾರ ಮಧ್ಯಾಹ್ನ ಗೈಡ್ ಜೊತೆ ಫೋನಿಗೆ ಕೂತೆ. ಅವರು ಬೆಳಗಾವಿಯಲ್ಲಿ ಬೆಳೆದವರು, ಮರಾಠಿ ಬಲ್ಲವರು. ರೆಕಾರ್ಡಿಂಗುಗಳನ್ನು ನಾನು ಶುಕ್ರವಾರವೇ ಕಳಿಸಬೇಕಿತ್ತು, ಎಂದಿನಂತೆ ಸೋಮಾರಿತನ ಮಾಡಿ ಆ ಬೆಳಿಗ್ಗೆ ಕಳಿಸಿದ್ದೆ. ಅವರು ದರ್ಜಿಯ ಮಾತನ್ನು ಹಚ್ಚಿ, ಒಂದು ಕಡೆ ನಿಲ್ಲಿಸಿದರು.

"ಇಲ್ಲಿ ಅವರು ಏನಂದರು?"

"ತುಂಬ ದಣಿದಿದ್ದೀನಿ ಅಂದರು ಮೇಡಂ."

"‘ಆತಾ ಜಗೂನ್ ಕಾಯ್ ಕರಾಯ್ಚಂ’ ಅಂದಿದ್ದಾರೆ. ಇನ್ನು ಬದುಕಿ ಏನು ಮಾಡೋದು ಅಂತ."

ಅವರು ಮುಂದಕ್ಕೆ ಹಾಕಿದರು. ನನ್ನ ಜಂಬದ ದನಿ ಪ್ರಶ್ನೆ ಕೇಳಿತು, ಮಾವಶಿಯ ದನಿ ಅದನ್ನು ಮರಾಠಿಗೆ ತಂದಿತು.

"ನಿನ್ನ ಪ್ರಶ್ನೆ ಅವರ ತನಕ ಹೋಗೇ ಇಲ್ಲ" ಎಂದರು ಗೈಡ್. "ಊಟ ಸೇರುತ್ತಾ ಅಂತ ಕೇಳಿದ್ದಾರೆ. ಅವರು ಇಲ್ಲ ಅಂದಿದ್ದಾರೆ. ನೀನು ಅದನ್ನೇ ಬರೆದುಕೊಂಡಿದ್ದೀಯ."

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಎನ್ನಿಸಿತು. ಈಗಲೇ ಅವರ ಮನೆಗೆ ಫೋನು ಮಾಡು, ಸಿಗದಿದ್ದರೆ ಹೋಗು, ಡಾಕ್ಟರಿಗೆ ನಾನು ಹೇಳುತ್ತೇನೆ ಎಂದರು. ಚೀಟಿಯಲ್ಲಿದ್ದ ನಂಬರಿಗೆ ಆರು ಸಲ ಹಚ್ಚಿದೆ. ರಿಂಗಾಗುತ್ತಿತ್ತು, ಯಾರೂ ಎತ್ತಲಿಲ್ಲ. ಮಂಗಳವಾರದಿಂದ ಶನಿವಾರಕ್ಕೆ ನಾಲ್ಕು ದಿನ ಎಂದು ಮನಸ್ಸು ಮತ್ತೆ ಮತ್ತೆ ಲೆಕ್ಕ ಹಾಕುತ್ತಿತ್ತು. ಚಪ್ಪಲಿ ಮೆಟ್ಟಿಕೊಂಡು ಎರಡು ಓಣಿ ಆಚೆಗಿದ್ದ ಮಾವಶಿಯ ಮನೆಗೆ ನಡೆದೆ. ಹಾದಿಯುದ್ದಕ್ಕೂ ಅವರಿಗೆ ಏನೇನು ಹೇಳಬೇಕು ಎಂದು ಜೋಡಿಸಿಕೊಂಡೆ. ಒಂದೂ ಒಳ್ಳೆಯ ಮಾತಾಗಿರಲಿಲ್ಲ.

ಮಾವಶಿ ಕಟ್ಟೆಯ ಮೇಲೆ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು. ನನ್ನನ್ನು ನೋಡಿ ಮುಖ ಅರಳಿಸಿದರು, ಆಮೇಲೆ ನನ್ನ ಮುಖ ನೋಡಿ ಕೈ ನಿಲ್ಲಿಸಿದರು.

"ಟೇಲರ್ ಆವತ್ತು ಏನಂದ್ರು ಮಾವಶಿ?"

"ದಣದೇನಿ ಅಂದ್ರು."

"ಮಾವಶಿ."

ಅವರು ಸೊಪ್ಪಿನ ಬುಟ್ಟಿಯನ್ನು ಪಕ್ಕಕ್ಕಿಟ್ಟರು. ಆಮೇಲೆ ನಾಲಿಗೆ ಹೊರಗೆ ಚಾಚಿ ತೋರಿಸಿದರು. ನಡುವೆ ಕಡಲೆ ಗಾತ್ರದ ಕಪ್ಪು ಮಚ್ಚೆ.

"ಕರಿ ನಾಲಿಗಿ ಐತ್ರಿ ನಂದು. ನಾ ಕೆಟ್ಟ ಮಾತು ಆಡಿದ್ರ ಅದು ಆಗೇ ಬಿಡ್ತೈತಿ. ಅವ ಸಾಯಬೇಕು ಅಂದ. ನಾನೂ ಅದನ್ನ ನನ್ನ ಬಾಯಿಲೆ ಅಂದ್ರ ಅವಗ ಉಳಿಗಾಲ ಐತೇನ್ರಿ? ಅದಕ ನುಂಗಿಬಿಟ್ಟೆ."

ಅವರು ತಪ್ಪೊಪ್ಪಿಕೊಳ್ಳುವ ದನಿಯಲ್ಲಿ ಹೇಳಲಿಲ್ಲ. ರೋಗಿಯನ್ನು ಉಳಿಸಿದವರ ದನಿಯಲ್ಲೇ ಹೇಳಿದರು. ನಾನು ಹಾದಿಯಲ್ಲಿ ಜೋಡಿಸಿಕೊಂಡ ಮಾತೆಲ್ಲ ಚದುರಿಹೋಯಿತು. ದರ್ಜಿಯ ಫೋನು ಯಾರೂ ಎತ್ತುತ್ತಿಲ್ಲ ಎಂದಷ್ಟೇ ಹೇಳಿದೆ. ಮಾವಶಿ ಎದ್ದು, ಸೆರಗಿಗೆ ಕೈ ಒರೆಸಿಕೊಂಡು, ಬಾಗಿಲಿಗೆ ಚಿಲಕ ಹಾಕಿ, "ನಡೀರಿ" ಎಂದರು.

ನಿಪ್ಪಾಣಿಯ ಬಸ್ಸು ಸಿಕ್ಕಿತು. ಊರು ದಾಟಿದ ಕೂಡಲೇ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಹಾಕಿಕೊಂಡಿತು. ಒಂದರ ಹಿಂದೆ ಒಂದು ಎರಡು ಟ್ರೇಲರ್, ರಸ್ತೆಯ ಅಗಲಕ್ಕೂ ಕಬ್ಬು, ಮುಂದೆ ಡ್ರೈವರನ ಸೀಟಿನ ಹಿಂದೆ ಎದೆ ನಡುಗಿಸುವ ಹಾಡು. ನಮ್ಮ ಬಸ್ಸು ಹಾರ್ನ್ ಹೊಡೆದರೂ ಅವನಿಗೆ ಕೇಳುವ ಹಾಗಿರಲಿಲ್ಲ. ನಾನು ಕಿಟಕಿಯಲ್ಲಿ ತಲೆ ಹಾಕಿ ಮಂಡ್ಯದ ಭಾಷೆಯಲ್ಲಿ ನಾಲ್ಕು ಬೈದೆ. ಪಕ್ಕದಲ್ಲಿದ್ದ ಅಜ್ಜ ನನ್ನನ್ನು ಹೊಸ ಗೌರವದಿಂದ ನೋಡಿದರು.

ಆ ಟ್ರ್ಯಾಕ್ಟರಿನ ಹಿಂದೆ ತೆವಳುತ್ತ ಇದ್ದಾಗಲೇ ಮಾವಶಿ ತಾವಾಗಿ ಗಂಡನ ವಿಷಯ ಎತ್ತಿದರು. ಹನ್ನೊಂದು ವರ್ಷದ ಹಿಂದಿನ ಮಾತು. ಒಂದು ಬೆಳಿಗ್ಗೆ ನಳದ ತಿರುಪು ಸೋರುತ್ತಿದೆ, ತಿಂಗಳಿಂದ ಹೇಳುತ್ತಿದ್ದೇನೆ ಎಂದು ಜಗಳ ತೆಗೆದಿದ್ದರಂತೆ. ಗಂಡ ಮೋಟಾರ್ ಸೈಕಲ್ ಹತ್ತಿದರು. ಇವರು ಹಿಂದಿನಿಂದ, "ಹೋಗು, ಹೋದಾವ ತಿರುಗಿ ಬರಬ್ಯಾಡ" ಎಂದರು. ಅಂಕಲಿಯ ಹತ್ತಿರ ಲಾರಿ ಬಡಿಯಿತು.

"ಸಣ್ಣಾಕಿ ಇದ್ದಾಗ ನಮ್ಮವ್ವ ಹೇಳಿದ್ಲು, ಮಚ್ಚಿ ಐತಿ, ಹುಷಾರ್‌ಲೆ ಮಾತಾಡು ಅಂತ. ಒಂದು ದಿನ ಮರ್ತೆ. ಅವತ್ತ ಹೋದ್ರು. ಅಲ್ಲಿಂದ ಇಲ್ಲೀತನಕ ಯಾರಿಗೂ ಒಂದು ಕೆಟ್ಟ ಮಾತು ಅಂದಿಲ್ರಿ. ಕೋಳಿಗೂ ಅಂದಿಲ್ಲ."

ನಾನು ಆರು ವರ್ಷ ಓದಿದ್ದು ಇದೇ ವಿಷಯವನ್ನು. ದುಃಖದಲ್ಲಿರುವವರು ತಮ್ಮ ಮೇಲೆ ಹೇಗೆ ತಪ್ಪು ಹೊರಿಸಿಕೊಳ್ಳುತ್ತಾರೆ, ಅವರ ಜೊತೆ ಹೇಗೆ ಮಾತಾಡಬೇಕು, ಯಾವ ಕ್ರಮದಲ್ಲಿ. ಒಂದೂ ನೆನಪಿಗೆ ಬರಲಿಲ್ಲ. ಅವರ ಕೈ ಹಿಡಿದುಕೊಂಡೆ. ಮೆಂತ್ಯೆಯ ವಾಸನೆ ಬರುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಕೇಳಿದೆ. "ಆ ಪ್ರಶ್ನೇನ ನಾನೇ ಕೇಳ್ತೀನಿ ಮಾವಶಿ. ಮರಾಠೀಲಿ ಹೇಗೆ ಕೇಳಬೇಕು, ಹೇಳಿಕೊಡಿ."

"ಹೇಳಂಗಿಲ್ರಿ ನಾ."

"ನಾಲಿಗೇಲಿ ಬೇಡ. ಬರೆದುಕೊಡಿ."

ಅವರು ಯೋಚಿಸಿದರು. ನಿಜಕ್ಕೂ ಯೋಚಿಸಿದರು, ಇದರಲ್ಲಿ ಕಾನೂನಿಗೆ ಅಡ್ಡಿಯೇನಾದರೂ ಇದೆಯೇ ಎಂದು ನೋಡುವವರ ಹಾಗೆ. ಕೊನೆಗೆ, "ಕೈಗೇನ್ ಮಚ್ಚಿ ಇಲ್ಲ" ಎಂದು ನನ್ನ ಪೆನ್ನು ಇಸಿದುಕೊಂಡು, ಬಸ್ ಟಿಕೆಟಿನ ಹಿಂದೆ ಒಂದು ಸಾಲು ಬರೆದರು. ಶಾಲೆಯ ಹಿಂದಿಯ ಪುಣ್ಯದಿಂದ ಅಕ್ಷರ ಓದಲು ಬಂತು. ‘ಮರಾವಸಂ ವಾಟತಂ ಕಾ?’ ನಾನು ಗುನುಗಿ ಗುನುಗಿ ಬಾಯಿಪಾಠ ಮಾಡಿದೆ. ಮಾವಶಿ ಕಿವಿಯ ಮೇಲೆ ಸೆರಗೆಳೆದುಕೊಂಡು ಕೂತರು, ಆದರೆ ಉಚ್ಚಾರ ತಪ್ಪಿದಾಗ ಮಾತ್ರ ತಲೆ ಅಲ್ಲಾಡಿಸುತ್ತಿದ್ದರು.

ನಿಪ್ಪಾಣಿಯಲ್ಲಿ ತಂಬಾಕಿನ ಗೋದಾಮುಗಳ ಘಾಟಿಗೆ ಎಂದಿನಂತೆ ಮೂರು ಸೀನು ಬಂತು. ದರ್ಜಿಯ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ, ಮಾವಶಿಯ ತವರಿನ ಕಡೆಯ ಪೇಟೆ. ಬಾಗಿಲು ಹಾಕಿತ್ತು. ಪಕ್ಕದ ಬಳೆ ಅಂಗಡಿಯವರು ಹಿಂದಿನ ಓಣಿಯ ಮನೆ ತೋರಿಸಿದರು. ಆ ಐವತ್ತು ಹೆಜ್ಜೆ ನಡೆದದ್ದು ನನಗೆ ಈಗಲೂ ನೆನಪಿದೆ. ಓಣಿಯಲ್ಲಿ ಜನ ಗುಂಪು ಕೂಡಿದ್ದಾರೆಯೇ ಎಂದು ನೋಡಿದೆ. ಒಂದು ಆಡು ಬಿಟ್ಟರೆ ಯಾರೂ ಇರಲಿಲ್ಲ.

ಹೆಂಡತಿ ಬಾಗಿಲು ತೆರೆದರು. ಒಳಗೆ ಗೋಡೆಗೆ ಒರಗಿ ದರ್ಜಿ ಕೂತಿದ್ದರು. ನಾನು ಅಲ್ಲೇ ಚಾಪೆಯ ಮೇಲೆ ಕೂತುಬಿಟ್ಟೆ. ಫೋನು ಕಪಾಟಿನಲ್ಲಿತ್ತಂತೆ. ಅಡುಗೆ ಮನೆಯವರೆಗೆ ಅದರ ಸದ್ದು ಬರುವುದಿಲ್ಲವಂತೆ. ಮೂಲೆಯಲ್ಲಿ ಜೋಡಿಸಿಟ್ಟ ಒಂದು ಚೀಲವಿತ್ತು. ನಾಳೆ ಐತವಾರ ತಮ್ಮನ ಮಗನ ಮೊದಲ ಕೂದಲು ತೆಗೆಸುವ ಜವಳಕ್ಕೆ ತವರಿಗೆ ಹೊರಟಿದ್ದೇನೆ, ಇವರು ಬರುವುದಿಲ್ಲ ಎನ್ನುತ್ತಾರೆ ಎಂದು ಹೆಂಡತಿ ಹೇಳಿದರು.

ನಾನು ದರ್ಜಿಗೆ ಕನ್ನಡದಲ್ಲಿ ಹೇಳಿದೆ, ಮಾವಶಿ ಅದನ್ನು ಮರಾಠಿಗೆ ತಂದರು. ಆವತ್ತು ನಾನು ಒಂದು ಪ್ರಶ್ನೆಯನ್ನು ಸರಿಯಾಗಿ ಕೇಳಲಿಲ್ಲ, ತಪ್ಪು ನನ್ನದು, ಈಗ ಕೇಳಲು ಬಂದಿದ್ದೇನೆ. ಆಮೇಲೆ ಟಿಕೆಟು ತೆಗೆದು, ನನ್ನದೇ ಬಾಯಲ್ಲಿ ಓದಿದೆ. ಹಾದಿಯುದ್ದಕ್ಕೂ ಬಾಯಿಪಾಠ ಮಾಡಿದ್ದು ಆ ಹೊತ್ತಿಗೆ ಕೈಕೊಟ್ಟಿತು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ, ಒಂದನೇ ತರಗತಿಯವರ ಹಾಗೆ.

ದರ್ಜಿ ನನ್ನ ಮುಖ ನೋಡಿದರು, ಟಿಕೆಟು ನೋಡಿದರು. ತುಟಿಯಲ್ಲಿ ಒಂದು ನಗುವಿನ ಎಳೆ ಬಂದು ಹೋಯಿತು. ಆಮೇಲೆ ಗೊಳೋ ಎಂದು ಅತ್ತರು. ಅಳುತ್ತಲೇ ಮಾತಾಡಿದರು, ತಡೆಯಿಲ್ಲದೆ, ಹತ್ತು ನಿಮಿಷವಾದರೂ ಆಗಿರಬೇಕು. ಎಲ್ಲ ಮರಾಠಿ. ಭಾವೂ ಎಂಬ ಒಂದು ಮಾತು, ಅಣ್ಣ ಎಂದು, ಅದು ಬಿಟ್ಟರೆ ನನಗೆ ಏನೂ ಹತ್ತಲಿಲ್ಲ. ಪ್ರಶ್ನೆಯನ್ನು ಬರೆಸಿಕೊಂಡು ಬಂದಿದ್ದೆ, ಉತ್ತರಕ್ಕೆ ಏನು ಮಾಡಬೇಕೆಂದು ಯೋಚಿಸಿರಲೇ ಇಲ್ಲ.

ನಾನು ಮಾವಶಿಯ ಕಡೆ ನೋಡಿದೆ. ಅವರ ಎರಡೂ ಕೈ ಮಡಿಲಲ್ಲಿದ್ದವು. ದಣದಾರಂತ್ರಿ ಎಂದು ಅವರು ಮತ್ತೆ ಹೇಳಿದ್ದರೆ ನನಗೆ ತಿಳಿಯುತ್ತಿರಲಿಲ್ಲ. ಹೇಳಿ ಎಂದು ನಾನು ಒತ್ತಾಯ ಮಾಡಲಿಲ್ಲ. ಮಾಡಬೇಕಿತ್ತೋ ಏನೋ.

"ಅಣ್ಣ ಹೋದ ಮ್ಯಾಲ ಮಿಶನ್ ಮುಂದ ಕುಂದ್ರಾಕ ಆಗವಲ್ದಂತ್ರಿ" ಎಂದು ಶುರುಮಾಡಿದರು. "ತುಳಿಯೋ ಸಪ್ಪಳ ಒಂದ ಆಗ್ತೈತಿ, ಎರಡನೇದು ಕೇಳೂದಿಲ್ಲಂತ." ಅಲ್ಲಿಗೆ ನಿಂತರು. ಆಮೇಲೆ ಕಣ್ಣು ಮುಚ್ಚಿಕೊಂಡು ಹೇಳಿದರು. "ಸಾಯಬೇಕು ಅನಸ್ತೈತಂತ್ರಿ. ದಿನಾ ಅನಸ್ತೈತಂತ. ನಾಳೆ ಹೇಣ್ತಿ ತವರಿಗಿ ಹೋಗ್ತಾಳ, ನಾಳೆ ಸಾಯೂದು ಅಂತ ಗಟ್ಟಿ ಮಾಡ್ಯಾರಂತ್ರಿ."

ಒಂದು ಮಾತನ್ನೂ ಬಿಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮೊದಲು ಮರಾಠಿಯಲ್ಲೂ ಆಮೇಲೆ ಕನ್ನಡದಲ್ಲೂ ಎರಡು ಸಲ ಅದನ್ನು ಕೇಳಿಸಿಕೊಂಡರು. ಅವರು ಹೋಗಿ ಗಂಡನ ಪಕ್ಕದಲ್ಲಿ ಕೂತರು. ಮಾವಶಿ ಎದ್ದು ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದರು. ಮತ್ತೆ ಮತ್ತೆ ಮುಕ್ಕಳಿಸುತ್ತಿದ್ದ ಸದ್ದು ನನಗೆ ಕೇಳುತ್ತಿತ್ತು.

ಆಮೇಲಿನ ಕೆಲಸಗಳು ಒಂದಾದ ಮೇಲೊಂದು ನಡೆದವು. ಡಾಕ್ಟರಿಗೆ ಫೋನು, ತವರಿನ ಪ್ರಯಾಣ ರದ್ದು, ಹೆಂಡತಿಯ ತಮ್ಮ ಗಾಡಿ ತಂದದ್ದು, ದೊಡ್ಡ ಆಸ್ಪತ್ರೆಯಲ್ಲಿ ಅವರನ್ನು ಕೆಲವು ದಿನ ಇಟ್ಟುಕೊಂಡದ್ದು. ಹೋಗುವಾಗ ದರ್ಜಿ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ನೀವು ಮರಾಠಿ ಕಲೀರಿ" ಎಂದರು. ಅದು ಬೈಗುಳವೋ ಆಶೀರ್ವಾದವೋ, ನಾನು ಎರಡನ್ನೂ ಒಪ್ಪಿಕೊಂಡೆ.

ಮುಂದಿನ ಶನಿವಾರ ಗೈಡ್ ಮುಂದೆ ಮಾವಶಿಯ ಪರವಾಗಿ ವಕಾಲತ್ತು ವಹಿಸಲು ಹೊರಟಿದ್ದೆ. ಅವರು ನಡುವೆಯೇ ತಡೆದರು. "ಅವರ ಮೇಲೆ ಯಾರು ತಪ್ಪು ಹೊರಿಸಿದ್ದಾರೆ? ಕೆಲಸ ಶುರುಮಾಡುವ ಮೊದಲು ಒಂದು ದಿನ ಅವರ ಜೊತೆ ಕೂತು, ಯಾವ ಮಾತು ನಿಮ್ಮ ಬಾಯಲ್ಲಿ ಬರುತ್ತೆ, ಯಾವುದು ಬರಲ್ಲ ಅಂತ ಕೇಳಿದ್ದೆಯಾ?" ಕೇಳಿರಲಿಲ್ಲ. ಮಾವಶಿಯನ್ನು ನಾನು ಒಂದು ಕಿಟಕಿ ಎಂದುಕೊಂಡಿದ್ದೆ, ಆಚೆಯ ಮಾತು ತಾನಾಗಿ ಈಚೆಗೆ ಬರುತ್ತದೆ ಎಂದು. ಆ ದುಂಡನೆಯ ‘ಇಲ್ಲ’ವನ್ನು ಹೊಡೆದುಹಾಕಬೇಡ, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಮಾಡು ಎಂದರು ಗೈಡ್. ಮಾಡಿದೆ. ಆ ವರ್ಷ ನನಗೆ ಸಂಬಳ ಕೊಟ್ಟು ಕಲಿಸಿದ ಪಾಠ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಆ ಹಾಳೆಯನ್ನೇ ತೋರಿಸುತ್ತೇನೆ.

ದರ್ಜಿ ಆಸ್ಪತ್ರೆಯಿಂದ ಮನೆಗೆ ಬಂದರು. ಮಂಗಳವಾರಗಳಲ್ಲಿ ನಮ್ಮ ಕೋಣೆಗೆ ಬರತೊಡಗಿದರು. ಆದರೆ ಮಾವಶಿಗೆ ನೆಮ್ಮದಿ ಇರಲಿಲ್ಲ. ಅವರು ಆ ಮಾತು ಆಡಿಬಿಟ್ಟಿದ್ದರು, ಆಡಿದ ಮಾತು ಎಂದಿದ್ದರೂ ಫಲ ಕೊಡುತ್ತದೆ ಎಂಬುದು ಅವರ ನಂಬಿಕೆ. ಪ್ರತಿ ಮಂಗಳವಾರ ನಿಪ್ಪಾಣಿಯಲ್ಲಿ ವ್ಯಾನು ಇಳಿದವರೇ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದರು. ದರ್ಜಿಯ ತಲೆ ಕಾಣಿಸಿದ ಮೇಲೆಯೇ ಒಳಗೆ ಬಂದು ಚೀಟಿ ಹಂಚುತ್ತಿದ್ದರು. ನಾನು ಒಂದೆರಡು ಸಲ ನನ್ನ ವಿದ್ಯೆ ತೋರಿಸಲು ನೋಡಿದೆ. ನಿಮ್ಮ ಮಾತಿಗೂ ಲಾರಿಗೂ ಏನು ಸಂಬಂಧ ಎಂದು ಮೆಲ್ಲಗೆ ಎತ್ತಿದೆ. ಮಾವಶಿ ನನ್ನ ಬಾಯಿಗೆ ನಾಲ್ಕು ಒಣದ್ರಾಕ್ಷಿ ಹಾಕಿ, "ನನ್ನ ಮ್ಯಾಲ ಕಲಿಬ್ಯಾಡ್ರಿ" ಎಂದರು.

ಹೀಗೆ ಚಳಿ ಹೋಯಿತು, ಬೇಸಿಗೆ ಬಂತು. ದರ್ಜಿ ಮೊದಲು ತುಂಡು ಕೆಲಸ ಹಿಡಿದರು, ಆಮೇಲೆ ದಿನದ ಅರ್ಧ ಹೊತ್ತು ಅಂಗಡಿ ತೆರೆದರು. ಎಲ್ಲ ವಾರವೂ ಒಳ್ಳೆಯ ವಾರವಾಗಿರಲಿಲ್ಲ. ಒಮ್ಮೊಮ್ಮೆ ಮತ್ತೆ ಗಡ್ಡ ಬಿಟ್ಟುಕೊಂಡು ಬರುತ್ತಿದ್ದರು. ನಾನು ಆ ಪ್ರಶ್ನೆಯನ್ನು ಈಗ ಟಿಕೆಟಿಲ್ಲದೆ ಕೇಳುತ್ತಿದ್ದೆ. ಅವರು ಏನು ಹೇಳಿದರೂ ಮಾವಶಿ ಅಷ್ಟನ್ನೂ ದಾಟಿಸುತ್ತಿದ್ದರು. ದಾಟಿಸಿ ಬಾಯಿ ಮುಕ್ಕಳಿಸಿ ಬರುತ್ತಿದ್ದರು.

ಜೂನ್‌ನಲ್ಲಿ ನನ್ನ ವರ್ಷ ಮುಗಿಯುತ್ತಿತ್ತು. ನಿಪ್ಪಾಣಿಯ ನನ್ನ ಕೊನೆಯ ಮಂಗಳವಾರ ದರ್ಜಿ ಹೊತ್ತಿಗೆ ಬರಲಿಲ್ಲ. ಹತ್ತಾಯಿತು, ಹನ್ನೊಂದಾಯಿತು. ಮಾವಶಿ ಗೇಟು ಬಿಟ್ಟು ಅಲ್ಲಾಡಲಿಲ್ಲ. ಚೀಟಿಯನ್ನು ಡ್ರೈವರೇ ಹಂಚಿದ. ನಾನು ಎರಡು ಸಲ ಹೊರಗೆ ಬಂದು ನೋಡಿದೆ. ಅವರು ಕಂಬಿ ಹಿಡಿದುಕೊಂಡು ರಸ್ತೆ ನೋಡುತ್ತಿದ್ದರು. ನಾನು ಫೋನು ಹಚ್ಚಿದೆ. ಯಾರೂ ಎತ್ತಲಿಲ್ಲ.

ಹನ್ನೆರಡಕ್ಕೆ ಸ್ವಲ್ಪ ಮೊದಲು ದರ್ಜಿ ಓಡುತ್ತ ಬಂದರು. ಕುತ್ತಿಗೆಯಲ್ಲಿ ಅಳತೆ ಟೇಪು, ಅಂಗಿಯ ತುಂಬ ನೀಲಿ ದಾರದ ಚೂರು. ಶಾಲೆ ತೆರೆದಿತ್ತು, ಯುನಿಫಾರ್ಮಿನ ಗದ್ದಲ. ಅಂಗಡಿಯಲ್ಲಿ ತಾಯಂದಿರು ಸಾಲು ನಿಂತಿದ್ದಾರೆ, ಹೆಂಡತಿಯನ್ನು ಅಣ್ಣನ ಮಿಶನ್ನಿನ ಮೇಲೆ ಅಂಚು ಹೊಲಿಯಲು ಕೂರಿಸಿ ಬಂದಿದ್ದೇನೆ, ಲಗುನೆ ಬಿಡಿ ಎಂದು ನಮ್ಮ ಮೇಲೇ ರೇಗಿದರು. ಕೋಳಿಗೂ ಬೈಯದ ಮಾವಶಿ ಮರಾಠಿಯಲ್ಲಿ ಅವರಿಗೆ ಬೈದ ಬೈಗುಳವನ್ನು ಈ ಸಲ ಯಾರೂ ಅನುವಾದ ಮಾಡಬೇಕಾಗಲಿಲ್ಲ. ದರ್ಜಿ ಕೂತದ್ದು ಹತ್ತೇ ನಿಮಿಷ. ಮಾತ್ರೆಯ ಚೀಟಿ ಜೇಬಿಗೆ ಹಾಕಿಕೊಂಡು ಬಂದ ಹಾಗೇ ಓಡಿದರು.

ಸಂಜೆ ವ್ಯಾನು ಹೊರಡುವ ಮೊದಲು ಮಾವಶಿ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತರು. ಡ್ರೈವರ್ ಪೆಟ್ಟಿಗೆಗಳನ್ನು ಏರಿಸುತ್ತಿದ್ದ.

"ಅವತ್ತ ನಾ ಅಂದೆ" ಎಂದರು. "ಇದ ಬಾಯಿಲೆ ಅಂದೆ. ಆಮ್ಯಾಲೂ ಎಷ್ಟು ಸಲ ಅಂದೇನಿ. ಅವ ಬದುಕ್ಯಾನ."

"ಹೌದು ಮಾವಶಿ."

"ಹಂಗಾರ ನಮ್ಮವರು..." ಅವರು ನಿಲ್ಲಿಸಿದರು. "ನಮ್ಮವರು ನನ್ನ ಮಾತಿಗಿ ಹೋಗಲಿಲ್ಲೇನ್ರಿ?"

ನನ್ನ ಬಳಿ ಇದಕ್ಕೆ ಉದ್ದದ ಉತ್ತರಗಳಿದ್ದವು. ಅವನ್ನೆಲ್ಲ ಬಿಟ್ಟೆ.

"ಇಲ್ಲ" ಎಂದೆ.

ಅವರು ನನ್ನ ಮುಖವನ್ನು ಹುಡುಕುವವರ ಹಾಗೆ ನೋಡಿದರು.

"ಇನ್ನೊಮ್ಮಿ ಹೇಳ್ರಿ."

ಹೇಳಿದೆ.